ಪಾಸು ಎಂಬ ಎರಡಕ್ಷರ

ಹೋದ ವರ್ಷದ ಜೂನ್ ತಿಂಗಳ ಒಂದು ರಾತ್ರಿ. ಉತ್ತರಪತ್ರಿಕೆಗಳ ಕಟ್ಟೊಂದನ್ನು ಮುಗಿಸಿ, ಬಾಯಾರಿ, ನೀರು ಕುಡಿಯಲೆಂದು ಎದ್ದವನಿಗೆ ಮಗಳ ಕೋಣೆಯ ಬಾಗಿಲ ಸಂದಿಯಿಂದ ನೀಲಿಯ ಬೆಳಕು ಕಾಣಿಸಿತು. ಗಡಿಯಾರದ ಮುಳ್ಳು ಹನ್ನೆರಡನ್ನು ಸಮೀಪಿಸುತ್ತಿತ್ತು. ವೈದ್ಯಕೀಯ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದು ಆಗಲೇ ಒಂದು ವಾರವಾಗಿತ್ತು. ಅವಳು ಎರಡನೆಯ ಸಲ ಬರೆದಿದ್ದಳು. ಎರಡನೆಯ ಸಲವೂ ಸೀಟು ದೊರೆಯುವಷ್ಟು ಅಂಕಗಳು ಬಂದಿರಲಿಲ್ಲ. ಆ ವಾರವಿಡೀ ನಮ್ಮ ಮನೆಯಲ್ಲಿ ತಂದೆ ಮಗಳ ನಡುವಣ ಸಂಭಾಷಣೆ ‘ಊಟಕ್ಕೆ ಬಾ’, ‘ದೀಪ ಆರಿಸು’ ಎಂಬ ಎರಡು ವಾಕ್ಯಗಳಿಗೆ ಇಳಿದಿತ್ತು.

ಏನಾದರೂ ಹೇಳಲೇಬೇಕೆಂದು ಒಳಗೆ ಹೋದೆ. ಹೇಳಬೇಕಾದದ್ದನ್ನು ಪೀಠಿಕೆ, ವಿಷಯ, ಉಪಸಂಹಾರಗಳೊಡನೆ ಮನಸ್ಸಿನಲ್ಲಿ ಅಣಿಮಾಡಿಕೊಂಡೇ ಹೋದೆ. ಅಧ್ಯಾಪಕರಿಗೆ ಅಂಟಿದ ರೋಗ ಅದು. ಅವಳು ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಆದರೆ ಪರದೆಯ ಮೇಲೆ ನಾನು ನಿರೀಕ್ಷಿಸಿದ್ದ ಕತ್ತಿಯಾಗಲಿ, ನೆತ್ತರಾಗಲಿ, ಬಾಯ್ದೆರೆದ ರಾಕ್ಷಸನಾಗಲಿ ಇರಲಿಲ್ಲ. ಒಂದು ಹಾಸು, ಅದರ ಮೇಲೆ ಅಚ್ಚುಕಟ್ಟಾಗಿ ಸಾಲುಗಟ್ಟಿದ ಚಿತ್ರದ ಎಲೆಗಳು, ಪಕ್ಕದಲ್ಲಿ ಒಂದಿಷ್ಟು ಅಂಕಿಗಳು.

“ಇದೇನೇ ಇದು, ಇಸ್ಪೀಟೇ?” ಎಂದೆ. ಅಣಿಮಾಡಿಕೊಂಡಿದ್ದ ಪೀಠಿಕೆ ಎಲ್ಲಿಗೋ ಹೋಯಿತು.

“ಗ್ವೆಂಟ್, ಅಪ್ಪ. ಆಟದೊಳಗಿನ ಆಟ. ಈಗ ಆಡುತ್ತಿರುವವನು ಗೆರಾಲ್ಟ್. ಕಾಣದೆ ಹೋದ ಮಗಳನ್ನು ಹುಡುಕಿಕೊಂಡು ಹೊರಟಿದ್ದಾನೆ.”

“ಮಗಳನ್ನು ಹುಡುಕಲು ಹೊರಟವನು ಹೆಂಡದಂಗಡಿಯಲ್ಲಿ ಕುಳಿತು ಎಲೆಯಾಡುತ್ತಿದ್ದಾನೆಯೇ!”

“ಎಲ್ಲರೂ ಹಾಗೇ ಕೇಳುತ್ತಾರೆ” ಎಂದು ನಕ್ಕಳು. ಒಂದು ವಾರದಲ್ಲಿ ಆ ಮನೆ ಕೇಳಿದ ಮೊದಲ ನಗು. ನಾನು ಒಂದು ಕುರ್ಚಿಯನ್ನು ಎಳೆದುಕೊಂಡೆ.

ಈ ಪುಟದ ಓದುಗರಲ್ಲಿ ಹಲವರಿಗೆ ಗ್ವೆಂಟ್ ಎಂಬ ಹೆಸರು ಹೊಸದಾಗಿರಬಹುದು. ಅದರ ತವರು ಪೋಲೆಂಡ್ ದೇಶ. ಆಂಡ್ರೆಜ್ ಸಪ್ಕೋವ್‌ಸ್ಕಿ ಎಂಬ ಪೋಲಿಷ್ ಲೇಖಕ 1986ರಲ್ಲಿ ಒಂದು ಪತ್ರಿಕೆಗೆ ಕಥೆಯೊಂದನ್ನು ಬರೆದ. ಕೂಲಿ ಪಡೆದು ಪಿಶಾಚಿ, ರಾಕ್ಷಸರನ್ನು ಬೇಟೆಯಾಡುವ ಗೆರಾಲ್ಟ್ ಎಂಬ ಬಿಳಿಗೂದಲಿನವನು ಅದರ ನಾಯಕ. ಆ ಕಥೆ ಬೆಳೆದು ಕಥಾಸಂಕಲನಗಳಾಗಿ, ಕಾದಂಬರಿಗಳ ಮಾಲೆಯಾಗಿ ಹಬ್ಬಿತು. ಅಲ್ಲಿಯ ಕುಳ್ಳರು ದಾರಿಯಲ್ಲಿ ಬೀಡುಬಿಟ್ಟಾಗ ಆಡುವ ಒಂದು ಎಲೆಯಾಟಕ್ಕೆ ‘ಗ್ವಿಂಟ್’ ಎಂಬ ಹೆಸರಿದೆ; ಅದನ್ನು ಆಡುವ ಬಗೆಯನ್ನು ಮಾತ್ರ ಕಾದಂಬರಿಕಾರ ವಿಧಿವತ್ತಾಗಿ ಬರೆದಿಡಲಿಲ್ಲ. ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆ ಆ ಕಥಾಲೋಕವನ್ನು ವಿಡಿಯೊ ಆಟವನ್ನಾಗಿ ಮಾಡಿತು. 2007 ಮತ್ತು 2011ರಲ್ಲಿ ಬಂದ ಮೊದಲೆರಡು ಆಟಗಳಲ್ಲಿ ತಂಗುಮನೆಗಳಲ್ಲಿ ಹೊತ್ತು ಕಳೆಯುವವರು ದಾಳ ಉರುಳಿಸುತ್ತಿದ್ದರು. 2015ರ ಮೇ ತಿಂಗಳಲ್ಲಿ ಬಂದ ಮೂರನೆಯದರಲ್ಲಿ, ಎಂದರೆ ‘ದಿ ವಿಚರ್ 3: ವೈಲ್ಡ್ ಹಂಟ್’ ಎಂಬುದರಲ್ಲಿ, ದಾಳ ಹೋಗಿ ಎಲೆ ಬಂತು. ಡೇಮಿಯನ್ ಮೋನಿಯೆ, ರಫಾಲ್ ಯಾಕಿ ಎಂಬಿಬ್ಬರು ಕಾದಂಬರಿಯ ಹೆಸರಿಗೆ ನಿಯಮಗಳ ಮೈ ಕೊಟ್ಟರು. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ 2018ರಲ್ಲಿ ಗ್ವೆಂಟ್ ತನ್ನ ಕಾಲಮೇಲೆ ತಾನೇ ನಿಂತ ಪ್ರತ್ಯೇಕ ಆಟವಾಗಿಯೂ ಹೊರಬಂತು. ಆ ಹೊತ್ತಿಗೆ ಅದರ ನಿಯಮಗಳು ಬಹಳ ಮಟ್ಟಿಗೆ ಬದಲಾಗಿದ್ದವು. ನಾನು ಇಲ್ಲಿ ಹೇಳುವುದೆಲ್ಲ 2015ರ ಮೂಲ ರೂಪವನ್ನು ಕುರಿತದ್ದು.

ಗೆರಾಲ್ಟ್ ಹುಡುಕಿ ಹೊರಟಿರುವ ಸಾಕುಮಗಳ ಹೆಸರು ಸಿರಿ. ಪೋಲೆಂಡಿನವರು ಅದನ್ನು ಯಾವ ಅರ್ಥದಲ್ಲಿ ಇಟ್ಟರೋ, ಕನ್ನಡದ ಕಿವಿಗೆ ಅದು ನಮ್ಮ ಮನೆಯ ಹೆಣ್ಣುಮಗುವಿನ ಹೆಸರಾಗಿಯೇ ಕೇಳಿಸುತ್ತದೆ. ಆ ಹೆಸರಿನ ಬಲದಿಂದಲೇ ನಾನು ಮೊದಲ ರಾತ್ರಿ ಕುರ್ಚಿಯಿಂದ ಏಳದೆ ಕುಳಿತೆ ಎಂದರೆ ಸುಳ್ಳಾಗದು.

ಮರುದಿನದಿಂದ ಪಾಠ ಆರಂಭವಾಯಿತು. ಮಗಳು ಅಧ್ಯಾಪಕಿ, ನಾನು ವಿದ್ಯಾರ್ಥಿ. ಕಥೆಯ ಆರಂಭದಲ್ಲಿ ವೈಟ್ ಆರ್ಚರ್ಡ್ ಎಂಬ ಹಳ್ಳಿಯ ತಂಗುಮನೆಯಲ್ಲಿ ಕುಳಿತಿರುವ ಒಬ್ಬ ಪಂಡಿತ ಗೆರಾಲ್ಟನಿಗೆ ಈ ಆಟವನ್ನು ಕಲಿಸುತ್ತಾನೆ. ಪಂಡಿತರು ಪಾಠಕ್ಕಿಂತ ಎಲೆಯಾಟದಲ್ಲಿ ಹೆಚ್ಚು ಉತ್ಸಾಹ ತೋರುವುದು ಆ ದೇಶದಲ್ಲಿಯೂ ಇದೆಯೆಂದು ತಿಳಿದು ನನಗೆ ಸಮಾಧಾನವಾಯಿತು.

ಗ್ವೆಂಟ್ ಎಂದರೆ ಎರಡು ಸೈನ್ಯಗಳ ಯುದ್ಧ. ಆಟಗಾರರು ಇಬ್ಬರು. ಇಬ್ಬರ ಮುಂದೆಯೂ ಮೂರು ಮೂರು ಸಾಲುಗಳು: ಮುಂದಿನದು ಕೈಗೆ ಕೈ ಹತ್ತಿಸಿ ಕಾದುವವರದು, ನಡುವಿನದು ಬಿಲ್ಲಾಳುಗಳಂತೆ ದೂರದಿಂದ ಹೊಡೆಯುವವರದು, ಹಿಂದಿನದು ಮುತ್ತಿಗೆಯ ಯಂತ್ರಗಳದು. ಒಂದೊಂದು ಎಲೆಯ ಮೇಲೂ ಒಬ್ಬ ಯೋಧ ಅಥವಾ ಒಂದು ಯಂತ್ರದ ಚಿತ್ರ, ಅದರ ಸಾಲಿನ ಗುರುತು, ಅದರ ಬಲವನ್ನು ತಿಳಿಸುವ ಒಂದು ಅಂಕಿ. ಎಲೆಯನ್ನು ಅದರ ಸಾಲಿನಲ್ಲಿ ಇಳಿಸಿದರೆ ಆ ಅಂಕಿ ನಿಮ್ಮ ಮೊತ್ತಕ್ಕೆ ಸೇರುತ್ತದೆ. ಸುತ್ತು ಮುಗಿದಾಗ ಯಾರ ಮೊತ್ತ ಹೆಚ್ಚೋ ಅವರದು ಆ ಸುತ್ತು. ಇಬ್ಬರಿಗೂ ಎರಡೆರಡು ಕೆಂಪು ಹರಳುಗಳು. ಒಂದು ಸುತ್ತು ಸೋತರೆ ಒಂದು ಹರಳು ಹೋಗುತ್ತದೆ, ಎರಡೂ ಹೋದರೆ ಆಟ ಹೋಯಿತು. ಸಮವಾದರೆ ಇಬ್ಬರಿಗೂ ಒಂದೊಂದು ಹರಳಿನ ನಷ್ಟ. ಒಟ್ಟಿನಲ್ಲಿ ಮೂರರಲ್ಲಿ ಎರಡನ್ನು ಗೆದ್ದವನು ಗೆದ್ದ.

ಆಡುವವನು ಮೊದಲು ತನ್ನ ಕಟ್ಟನ್ನು ತಾನೇ ಜೋಡಿಸಿಕೊಳ್ಳಬೇಕು. ಯೋಧರ ಎಲೆಗಳು 22ಕ್ಕೆ ಕಡಿಮೆಯಿರಬಾರದು. ವಿಶೇಷ ಎಲೆಗಳು 10ನ್ನು ಮೀರಬಾರದು. ಆಟ ಆರಂಭವಾದಾಗ ಆ ಕಟ್ಟಿನಿಂದ 10 ಎಲೆಗಳು ಕೈಗೆ ಬರುತ್ತವೆ. ಅವುಗಳಲ್ಲಿ ಬೇಡವೆನಿಸಿದ ಎರಡನ್ನು ಒಮ್ಮೆ ಬದಲಾಯಿಸಿಕೊಳ್ಳಬಹುದು. ಇಲ್ಲಿ ಒಂದು ಮಾತನ್ನು ಓದುಗರು ಅಡಿಗೆರೆ ಎಳೆದು ಗಮನಿಸಬೇಕು: ಆ 10 ಎಲೆಗಳು ಮೂರು ಸುತ್ತಿಗೂ ಸೇರಿ. ರಮ್ಮಿಯಲ್ಲಿ ಹಾಗೆ ಪ್ರತಿ ಸರದಿಗೂ ಹೊಸ ಎಲೆ ಎಳೆಯುವಂತಿಲ್ಲ. ಸುತ್ತು ಮುಗಿದೊಡನೆ ಹಾಸಿನ ಮೇಲಿರುವುದೆಲ್ಲ ಸತ್ತವರ ರಾಶಿಗೆ ಹೋಗುತ್ತದೆ. ಕೈಯಲ್ಲಿ ಉಳಿದದ್ದೇ ಉಳಿತಾಯ.

ಸರದಿ ಬಂದಾಗ ಮಾಡಬಹುದಾದದ್ದು ಮೂರರಲ್ಲಿ ಒಂದು. ಒಂದು ಎಲೆಯನ್ನು ಇಳಿಸಬಹುದು. ನಿಮ್ಮ ಸೈನ್ಯದ ನಾಯಕನಿಗಿರುವ ಶಕ್ತಿಯನ್ನು ಆಟಕ್ಕೊಮ್ಮೆ ಉಪಯೋಗಿಸಬಹುದು. ಇಲ್ಲವೆ ‘ಪಾಸು’ ಎನ್ನಬಹುದು. ಪಾಸು ಎಂದವನು ಆ ಸುತ್ತಿನಲ್ಲಿ ಮತ್ತೆ ಎಲೆ ಹಾಕುವಂತಿಲ್ಲ. ಎದುರಾಳಿ ಮಾತ್ರ ತನಗೆ ಬೇಕಾದಷ್ಟು ಹಾಕುತ್ತಾ ಹೋಗಬಹುದು.

ಇನ್ನು ವಿಶೇಷ ಎಲೆಗಳು. ಹವೆಯ ಎಲೆಗಳು ಮೂರು ಬಗೆ. ಕೊರೆಯುವ ಹಿಮ ಬಿದ್ದರೆ ಮುಂದಿನ ಸಾಲು, ದಟ್ಟ ಮಂಜು ಕವಿದರೆ ನಡುವಿನ ಸಾಲು, ಜಡಿಮಳೆ ಹಿಡಿದರೆ ಯಂತ್ರಗಳ ಸಾಲು ಸೊರಗುತ್ತದೆ. ಆ ಸಾಲಿನ ಯೋಧರೆಲ್ಲರ ಬಲ 1ಕ್ಕೆ ಇಳಿಯುತ್ತದೆ. ಹವೆಗೆ ಪಕ್ಷಪಾತವಿಲ್ಲ, ಎದುರಾಳಿಗೆ ಬಿದ್ದ ಮಳೆ ನಿಮಗೂ ಬೀಳುತ್ತದೆ. ಆದುದರಿಂದ ತನ್ನ ಯಂತ್ರಗಳನ್ನೆಲ್ಲ ಸಾಲುಗಟ್ಟಿ ನಿಲ್ಲಿಸಿದವನು ಮಳೆಯನ್ನು ಕರೆಯುವುದು ಮೂರ್ಖತನ. ಬಿಸಿಲಿನ ಎಲೆಯೊಂದಿದೆ, ಅದು ಈ ಎಲ್ಲವನ್ನೂ ತೊಡೆದುಹಾಕುತ್ತದೆ. ದಳಪತಿಯ ಕಹಳೆ ಒಂದು ಸಾಲಿನವರ ಬಲವನ್ನು ಇಮ್ಮಡಿ ಮಾಡುತ್ತದೆ. ಸುಡುವ ಎಲೆ ಹಾಸಿನ ಮೇಲೆ ಎಲ್ಲರಿಗಿಂತ ಬಲಶಾಲಿಯಾದವನನ್ನು ಭಸ್ಮಮಾಡುತ್ತದೆ; ಸಮಬಲದವರು ಹಲವರಿದ್ದರೆ ಎಲ್ಲರೂ ಒಟ್ಟಿಗೆ ಉರಿದುಹೋಗುತ್ತಾರೆ, ನಮ್ಮವರು ಅವರವರು ಎಂಬ ಭೇದ ಅದಕ್ಕಿಲ್ಲ. ಹುಲ್ಲುಗೊಂಬೆಯ ಎಲೆಯೊಂದುಂಟು, ನಮ್ಮ ಹೊಲದ ಬೆರ್ಚಪ್ಪನಂಥದು. ನಿಮ್ಮ ಕಡೆ ಇಳಿದಿರುವ ಯೋಧನೊಬ್ಬನ ಜಾಗದಲ್ಲಿ ಅದನ್ನು ನಿಲ್ಲಿಸಿ ಅವನನ್ನು ಕೈಗೆ ಹಿಂದೆ ಕರೆದುಕೊಳ್ಳಬಹುದು. ವೀರರ ಎಲೆಗಳೆಂದು ಕೆಲವಿವೆ. ಅವಕ್ಕೆ ಹಿಮವೂ ಇಲ್ಲ, ಬೆಂಕಿಯೂ ಇಲ್ಲ, ಕಹಳೆಯ ಲಾಭವೂ ಇಲ್ಲ. ಗೆರಾಲ್ಟ್ ಮತ್ತು ಸಿರಿ ಇಬ್ಬರೂ ಅಂಥ ಎಲೆಗಳಾಗಿ ಇದ್ದಾರೆ. ಇಬ್ಬರ ಬಲವೂ 15. ಮಗಳನ್ನು ಹುಡುಕುತ್ತಿರುವವನು ಮಗಳ ಚಿತ್ರವನ್ನೇ ಕೈಯಲ್ಲಿ ಹಿಡಿದು ಆಡುವ ಪ್ರಸಂಗವೂ ಹೀಗೆ ಒದಗಬಹುದು.

ಯೋಧರಲ್ಲಿಯೂ ಗುಣಗಳುಂಟು. ಒಂದೇ ಹೆಸರಿನ ಬಂಧುಗಳು ಪಕ್ಕಪಕ್ಕದಲ್ಲಿ ನಿಂತರೆ ಒಬ್ಬೊಬ್ಬರ ಬಲವೂ ಇಮ್ಮಡಿ, ಮೂವರಾದರೆ ಮುಮ್ಮಡಿ. ಕೆಲವರನ್ನು ಕರೆದರೆ ಕಟ್ಟಿನಲ್ಲಿರುವ ಅವರ ಬಳಗವೆಲ್ಲ ಒಮ್ಮೆಗೇ ಓಡಿಬರುತ್ತದೆ. ವೈದ್ಯನ ಎಲೆ ಸತ್ತವರ ರಾಶಿಯಿಂದ ಒಬ್ಬನನ್ನು ಎಬ್ಬಿಸಿ ತರುತ್ತದೆ. ಈ ಕೊನೆಯದನ್ನು ವಿವರಿಸುವಾಗ ಮಗಳು ನನ್ನ ಮುಖ ನೋಡದೆ ಬೇಗ ಮುಂದಿನದಕ್ಕೆ ಹೋದಳು. ನಾನೂ ಏನೂ ಕೇಳಲಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಗೂಢಚಾರನ ಎಲೆ. ಅದನ್ನು ನಿಮ್ಮ ಕಡೆಗಲ್ಲ, ಎದುರಾಳಿಯ ಕಡೆಗೆ ಇಳಿಸಬೇಕು. ಅವನ ಬಲ ಎದುರಾಳಿಯ ಮೊತ್ತಕ್ಕೇ ಸೇರುತ್ತದೆ. ಅದಕ್ಕೆ ಪ್ರತಿಯಾಗಿ ನಿಮ್ಮ ಕಟ್ಟಿನಿಂದ ಎರಡು ಹೊಸ ಎಲೆಗಳು ನಿಮ್ಮ ಕೈಗೆ ಬರುತ್ತವೆ. “ಶತ್ರುವಿಗೆ ಅಂಕ ಕೊಟ್ಟು ಎಲೆ ಕೊಳ್ಳುವುದೇ?” ಎಂದು ನಾನು ಮೂಗು ಮುರಿದೆ. “ಇಡೀ ಆಟದಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ ಅಪ್ಪ” ಎಂದಳು.

ನಿಯಮಗಳು ಬಾಯಿಗೆ ಬಂದವು. ಆಡಲು ಕುಳಿತೆ. ಸತತವಾಗಿ ಏಳು ಆಟ ಸೋತೆ.

ಸೋತ ರೀತಿ ಏಳು ಸಲವೂ ಒಂದೇ. ಮೊದಲನೆಯ ಸುತ್ತನ್ನು ನಾನು ಅಮೋಘವಾಗಿ ಗೆಲ್ಲುತ್ತಿದ್ದೆ. ಎದುರಾಳಿ ಒಂದು ಎಲೆ ಹಾಕಿದರೆ ನಾನು ಅದಕ್ಕಿಂತ ದೊಡ್ಡದನ್ನು ಹಾಕುತ್ತಿದ್ದೆ. ಅವನು ಪಾಸು ಎಂದ ಮೇಲೂ ಕೈ ಬಿಗಿಹಿಡಿಯಲಾರದೆ ಇನ್ನೊಂದೆರಡು ಹಾಕಿ ಮೊತ್ತ ಏರುವುದನ್ನು ನೋಡಿ ಹಿಗ್ಗುತ್ತಿದ್ದೆ. ಒಂದು ಸಲವಂತೂ 74ಕ್ಕೆ 21ರಂತೆ ಗೆದ್ದು, ಶಹಭಾಸ್ ಎನ್ನುತ್ತಾಳೆಂದು ಮಗಳ ಕಡೆ ತಿರುಗಿದೆ.

“21ನ್ನು ಗೆಲ್ಲಲು 22 ಸಾಕಿತ್ತು ಅಪ್ಪ. ಈಗ ನಿಮ್ಮ ಕೈಯಲ್ಲಿ ಎರಡು ಎಲೆ. ಅವನ ಕೈಯಲ್ಲಿ ಏಳು.”

ಉಳಿದ ಎರಡು ಸುತ್ತುಗಳನ್ನು ಅವನು ನಿರಾಯಾಸವಾಗಿ ತೆಗೆದುಕೊಂಡ. ಅಂತರಕ್ಕೆ ಈ ಆಟದಲ್ಲಿ ಬಹುಮಾನವಿಲ್ಲ. ಒಂದರಿಂದ ಗೆದ್ದರೂ ಒಂದೇ ಹರಳು, ನೂರರಿಂದ ಗೆದ್ದರೂ ಒಂದೇ ಹರಳು. ಅಂಕಗಳನ್ನು ಕೂಡಿಸಿ ಕೂಡಿಸಿ ಕೂದಲು ನರೆತ ನನ್ನಂಥವನಿಗೆ, ಅಂಕ ಹೆಚ್ಚಾದಷ್ಟೂ ಲಾಭ ಹೆಚ್ಚಲ್ಲ ಎಂಬ ಸಂಗತಿ ಅರ್ಥವಾಗಲು ಏಳು ಆಟಗಳು ಬೇಕಾದವು.

ಎಂಟನೆಯ ಆಟಕ್ಕೆ ಮುನ್ನ ಮಗಳು ಒಂದು ಕರಾರು ಮಾಡಿದಳು: “ಮೊದಲನೆಯ ಸುತ್ತನ್ನು ನೀವು ಸೋಲಬೇಕು.” ನಾನು ಒಲ್ಲದ ಮನಸ್ಸಿನಿಂದ ಒಪ್ಪಿದೆ.

ನನ್ನದು ‘ಉತ್ತರದ ರಾಜ್ಯಗಳ’ ಸೈನ್ಯ. ಆಟ ತಾನಾಗಿ ಮೊದಲು ಕೊಡುವ ಕಟ್ಟು ಅದೇ. ಎರಡು ಎಲೆ ಬದಲಿಸಿಕೊಂಡ ಮೇಲೆ ಕೈಯಲ್ಲಿ ಇಬ್ಬರು ಗೂಢಚಾರರಿದ್ದರು: 5ರ ಬಲದ ರಾಜಕುಮಾರ ಸ್ಟೆನಿಸ್, 1ರ ಬಲದ ಥೇಲರ್. ಮೊದಲ ಸರದಿಗೆ ಸ್ಟೆನಿಸನನ್ನು ಎದುರಾಳಿಯ ಕಡೆ ಇಳಿಸಿದೆ. ಅವನ ಮೊತ್ತ ಏರಿತು. ನನಗೆ ಎರಡು ಎಲೆ ಬಂದವು. ಮರುಸರದಿಗೆ ಥೇಲರ್, ಮತ್ತೆರಡು ಎಲೆ. 10ರಿಂದ ಆರಂಭಿಸಿದ ಕೈ ಈಗ 12 ಆಗಿತ್ತು. ಮೂರನೆಯದಾಗಿ ಒಬ್ಬ ಬಡ ಕಾಲಾಳನ್ನು ಕಳುಹಿಸಿ, ನಾಲ್ಕನೆಯ ಸರದಿಗೆ ಪಾಸು ಎಂದೆ. ಅಷ್ಟರಲ್ಲಿ ಎದುರಾಳಿ ನಾಲ್ಕು ಎಲೆಗಳನ್ನು ಖರ್ಚುಮಾಡಿದ್ದ. ಸುತ್ತು ಅವನದಾಯಿತು. ನನ್ನ ಒಂದು ಹರಳು ಒಡೆಯಿತು. ಕೈ ನೋಡಿಕೊಂಡರೆ ನನ್ನಲ್ಲಿ 11, ಅವನಲ್ಲಿ 6.

ಎರಡನೆಯ ಸುತ್ತಿಗೆ ‘ನೀಲಿ ಪಟ್ಟೆ’ಯ ಯೋಧರನ್ನು ಒಬ್ಬೊಬ್ಬನಾಗಿ ಕರೆದೆ. ಒಬ್ಬನ ಬಲ 4. ಇಬ್ಬರಾದಾಗ ತಲಾ 8, ಒಟ್ಟು 16. ಮೂರನೆಯವನು ಬಂದು ನಿಂತಾಗ ತಲಾ 12, ಒಟ್ಟು 36. ಎದುರಾಳಿಯ ಕೈಯಲ್ಲಿ ಸುಡುವ ಎಲೆಯೋ ಹಿಮದ ಎಲೆಯೋ ಇದ್ದಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೂವರೂ ಸಮಬಲರಾದ್ದರಿಂದ ಒಂದೇ ಕಿಡಿಗೆ ಮೂವರೂ ಹೋಗುತ್ತಿದ್ದರು. ಇರಲಿಲ್ಲ. ಕಹಳೆ ನನ್ನ ಕೈಯಲ್ಲಿತ್ತು. ಊದಿದ್ದರೆ 36 ಹೋಗಿ 72 ಆಗುತ್ತಿತ್ತು. ಬೆರಳು ತುರಿಸಿತು. ಹಿಂದಿನಿಂದ ಮಗಳು “ಉಹೂಂ” ಎಂದಳು. ಊದಲಿಲ್ಲ. ಅವನು ಮೂರು ಎಲೆ ಹಾಕಿಯೂ ಮುಟ್ಟಲಾರದೆ ಪಾಸು ಎಂದ. ಸುತ್ತು ನನ್ನದು, ಜತೆಗೆ ಉತ್ತರದ ರಾಜ್ಯಗಳ ಸೈನ್ಯಕ್ಕಿರುವ ಸೌಲಭ್ಯದಂತೆ, ಗೆದ್ದ ಸುತ್ತಿಗೆ ಒಂದು ಎಲೆ ಇನಾಮು. ಕೊನೆಯ ಸುತ್ತಿನಲ್ಲಿ 3 ಎಲೆಗಳವನ ಮುಂದೆ 9 ಎಲೆಗಳವನು ಹೇಗೆ ಗೆದ್ದನೆಂಬುದನ್ನು ವರ್ಣಿಸುವುದು ವೀರರಸಕ್ಕೆ ಅವಮಾನ.

ಉಳಿದ ಸೈನ್ಯಗಳ ಮಾತನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ನಿಲ್ಫ್‌ಗಾರ್ಡ್ ಸಾಮ್ರಾಜ್ಯದವರಿಗೆ ಸಮವಾದ ಸುತ್ತೂ ಗೆಲುವೇ; ಸಾಮ್ರಾಜ್ಯಗಳ ಗಣಿತ ಯಾವಾಗಲೂ ಹಾಗೆಯೇ. ಸ್ಕೋಯಾಟೆಲ್ ಎಂಬ ಕಾಡಿನ ಹೋರಾಟಗಾರರು ಯಾರು ಮೊದಲು ಆಡಬೇಕೆಂಬುದನ್ನು ತಾವೇ ನಿರ್ಧರಿಸುತ್ತಾರೆ. ಮಿಕ್ಕವರಿಗೆ ಅದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ರಾಕ್ಷಸರ ಪಡೆಯಲ್ಲಿ ಸುತ್ತು ಮುಗಿದಾಗ ಒಬ್ಬನು ಸಾಯದೆ ಹಾಸಿನ ಮೇಲೆಯೇ ಉಳಿಯುತ್ತಾನೆ. 2016ರಲ್ಲಿ ಬಂದ ‘ಬ್ಲಡ್ ಅಂಡ್ ವೈನ್’ ಎಂಬ ಉತ್ತರಭಾಗದೊಡನೆ ಸ್ಕೆಲಿಗೆ ದ್ವೀಪದವರ ಕಟ್ಟು ಸೇರಿತು. ಮೂರನೆಯ ಸುತ್ತಿನ ಆರಂಭಕ್ಕೆ ಅವರ ಸತ್ತವರ ರಾಶಿಯಿಂದ ಇಬ್ಬರು ಎದ್ದುಬರುತ್ತಾರೆ. ಹೊಸಬನು ಎಲೆಗಳನ್ನು ತಂಗುಮನೆಗಳಲ್ಲಿ ಕೊಳ್ಳಬೇಕು. ವ್ಯಾಪಾರಿಗಳನ್ನೂ ಕಮ್ಮಾರರನ್ನೂ ಆಟಕ್ಕೆ ಕರೆದು ಸೋಲಿಸಿ ಅವರಿಂದ ಗಳಿಸಬೇಕು. ಕಟ್ಟು ದಪ್ಪವಾದಷ್ಟೂ ಒಳ್ಳೆಯದೆಂದು ಭಾವಿಸಿ ಕಂಡದ್ದನ್ನೆಲ್ಲ ತುಂಬಬಾರದು. 22ರ ಆಸುಪಾಸಿನಲ್ಲಿ ಕಟ್ಟು ತೆಳ್ಳಗಿದ್ದರೆ ಬೇಕಾದ ಎಲೆ ಕೈಗೆ ಬರುವ ಸಂಭವ ಹೆಚ್ಚು. ಎದುರಾಳಿ ನಿಮ್ಮ ಕಡೆಗೆ ಗೂಢಚಾರನನ್ನು ಇಳಿಸಿದರೆ ಗಾಬರಿಯಾಗದೆ ಬೆರ್ಚಪ್ಪನನ್ನು ನಿಲ್ಲಿಸಿ ಅವನನ್ನು ಕೈಗೆ ತೆಗೆದುಕೊಂಡು, ಬಂದ ದಾರಿಗೇ ತಿರುಗಿ ಕಳುಹಿಸಿ. ಇಷ್ಟು ತಿಳಿದರೆ ವೈಟ್ ಆರ್ಚರ್ಡಿನ ಪಂಡಿತನ ಮುಂದೆ ಮಾನ ಉಳಿಯುತ್ತದೆ.

ನಮ್ಮ ಹಳ್ಳಿಯ ಜಗುಲಿಯಲ್ಲಿ ದೊಡ್ಡವರು ಇಪ್ಪತ್ತೆಂಟು ಆಡುವಾಗ ಪಾಸು ಎನ್ನುತ್ತಿದ್ದುದನ್ನು ಬಾಲ್ಯದಲ್ಲಿ ಕೇಳಿದ್ದೇನೆ. ಅಲ್ಲಿ ಅದಕ್ಕೆ ಸವಾಲು ಏರಿಸಲಾರೆ ಎಂದಷ್ಟೇ ಅರ್ಥ. ಆಮೇಲೆ ಶಾಲೆಗೆ ಸೇರಿದೆ. ಅಲ್ಲಿಂದ ಮುಂದೆ, ಕಲಿತು ಕಲಿಸಿದ ಇಷ್ಟು ವರ್ಷಗಳಲ್ಲಿ, ಆ ಎರಡಕ್ಷರಕ್ಕೆ ನನ್ನ ಪಾಲಿಗೆ ಒಂದೇ ಅರ್ಥ ಉಳಿಯಿತು. ಪಾಸಾದನೇ, ಫೇಲಾದನೇ? ಪಾಸು ಎಂದರೆ ತೇರ್ಗಡೆ, ಸಿಹಿ ಹಂಚುವುದು, ಪತ್ರಿಕೆಯಲ್ಲಿ ಭಾವಚಿತ್ರ. ಬಿಟ್ಟುಕೊಡುವುದಕ್ಕೂ ಅದೇ ಹೆಸರಿದೆಯೆಂಬುದನ್ನು ಪೋಲೆಂಡಿನವರ ಒಂದು ಆಟ ಬಂದು ನೆನಪಿಸಬೇಕಾಯಿತು.

ಆ ವಾರ ನಾನು ತರಗತಿಯಲ್ಲಿ ಕುಮಾರವ್ಯಾಸನ ಸಭಾಪರ್ವದ ದ್ಯೂತಪ್ರಸಂಗವನ್ನು ಪಾಠ ಹೇಳುತ್ತಿದ್ದೆ. ವರ್ಷವರ್ಷವೂ ಹೇಳುವ ಪಾಠವೇ. ಶಕುನಿಯ ಕಪಟ, ಧರ್ಮರಾಯನ ವ್ಯಸನ, ವಿಧಿಯ ಬಲ ಎಂದು ಮೂರು ತಲೆಬರಹಗಳಲ್ಲಿ ಟಿಪ್ಪಣಿ ಬರೆಸುವುದು ನನ್ನ ಪದ್ಧತಿ. ಈ ಸಲ ಪಾಠದ ನಡುವೆ ಬೇರೊಂದು ಕಂಡಿತು. ಧರ್ಮರಾಯ ಸೋತದ್ದು ಮೊದಲನೆಯ ಹಾಸಿಗಲ್ಲ. ಸಂಪತ್ತು ಹೋಯಿತು, ಅಲ್ಲಿಗೆ ನಿಲ್ಲಿಸಬಹುದಿತ್ತು. ರಾಜ್ಯ ಹೋಯಿತು, ಆಗಲೂ ತಮ್ಮಂದಿರು ಉಳಿದಿದ್ದರು. ತಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ಒಡ್ಡಿದ, ತನ್ನನ್ನು ಒಡ್ಡಿಕೊಂಡ, ಕೊನೆಗೆ ದ್ರೌಪದಿಯನ್ನು ಒಡ್ಡಿದ. ಕಳೆದದ್ದೆಲ್ಲ ದ್ರೌಪದಿಯ ದೆಸೆಯಿಂದ ಹಿಂದಕ್ಕೆ ಬಂದ ಮೇಲೂ, ಮತ್ತೆ ಕರೆ ಬಂದಾಗ ದಾರಿಯಿಂದ ಹಿಂದಿರುಗಿ ಹೋಗಿ ಕುಳಿತ. ದಾಳ ಶಕುನಿಯದು, ನಿಜ. ಆದರೆ ಏಳುವ ಕಾಲು ಧರ್ಮರಾಯನದೇ ಆಗಿತ್ತು. ಹೋದದ್ದನ್ನು ಮರಳಿ ಗೆಲ್ಲಬೇಕೆಂಬ ಛಲದಲ್ಲಿ ಅವನು ಇದ್ದದ್ದನ್ನೆಲ್ಲ ಅದರ ಹಿಂದೆ ಅಟ್ಟಿದ. ಇದನ್ನು ಹೇಳುತ್ತಿರುವಾಗಲೇ ನನ್ನ ಮಾತು ತಡವರಿಸಿತು. ಹುಡುಗರು ತಲೆಯೆತ್ತಿ ನೋಡಿದರು. ನೀರು ಕುಡಿದು ಪಾಠವನ್ನು ಮುಂದುವರಿಸಿದೆ.

ತಡವರಿಸಿದ್ದಕ್ಕೆ ಕಾರಣವಿತ್ತು. ನನ್ನ ಮೇಜಿನ ಸೆಳೆಖಾನೆಯಲ್ಲಿ ಒಂದು ಅರ್ಜಿ ಇತ್ತು. ಮಗಳನ್ನು ಮೂರನೆಯ ಸಲ ಪರೀಕ್ಷೆಗೆ ಕೂರಿಸಲು, ಇನ್ನೊಂದು ವರ್ಷದ ತರಬೇತಿಗೆ ಸೇರಿಸುವ ಅರ್ಜಿ. ಅವಳ ಹೆಸರು, ಹುಟ್ಟಿದ ದಿನ, ಅಂಕಗಳು ಎಲ್ಲವನ್ನೂ ನಾನೇ ತುಂಬಿದ್ದೆ. ಶುಲ್ಕಕ್ಕೆಂದು ಹಣವನ್ನೂ ತೆಗೆದಿರಿಸಿದ್ದೆ. ಅವಳ ಸಹಿಯೊಂದು ಬಾಕಿ. ಎರಡು ವರ್ಷ ಹೋಯಿತು, ಈಗ ಬಿಟ್ಟರೆ ಆ ಎರಡು ವರ್ಷವೂ ವ್ಯರ್ಥವಾದಂತಲ್ಲವೇ ಎಂಬುದು ನನ್ನ ವಾದ. ಈ ವಾದವನ್ನು ನಾನು ಹಸ್ತಿನಾವತಿಯಲ್ಲಿ ಕೇಳಿದ್ದೆ. ನನ್ನ ಮನೆಯಲ್ಲಿ ಕೇಳಿದಾಗ ಗುರುತು ಹತ್ತಿರಲಿಲ್ಲ.

ಅಂದು ಸಂಜೆ ಮಗಳು ಆಟದ ಮುಂದೆ ಕುಳಿತಿರಲಿಲ್ಲ. ಅಂಗಳದ ಕಟ್ಟೆಯ ಮೇಲೆ, ಅವಳೇ ನೆಟ್ಟು ಬೆಳೆಸಿದ ಕುಂಡಗಳ ಪಕ್ಕದಲ್ಲಿ ಕುಳಿತಿದ್ದಳು. ಮಳೆ ಆಗಷ್ಟೇ ನಿಂತಿತ್ತು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅರ್ಜಿಯ ವಿಷಯ ಎತ್ತಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗ ಅವಳೇ ಕೇಳಿದಳು:

“ಅಪ್ಪ, ನಾನು ಪಾಸು ಅಂದುಬಿಡಲೇ?”

ಯಾವ ಅರ್ಥದಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಆದರೂ ಕೂಡಲೇ ಸರಿ ಎನ್ನುವಷ್ಟು ಉದಾರಿ ನಾನಲ್ಲ. “ಸೋತೆ ಎಂದು ಒಪ್ಪಿಕೊಂಡಂತಾಗುವುದಿಲ್ಲವೇ ಮಗು?” ಎಂದೆ.

“ಈ ಸುತ್ತು ಸೋತಿದ್ದೇನೆ. ನನ್ನ ಕೈಯಲ್ಲಿ ಇನ್ನೂ ಎಲೆಗಳಿವೆ” ಎಂದಳು. ಸಸ್ಯಶಾಸ್ತ್ರವನ್ನು ಓದಬೇಕೆಂಬ ಆಸೆ ಅವಳಿಗೆ ಪಿಯುಸಿ ಓದುವಾಗಿನಿಂದ ಇತ್ತಂತೆ. ಎರಡು ವರ್ಷ ಅದನ್ನು ಬಾಯಿಬಿಟ್ಟಿರಲಿಲ್ಲ. ಬಿಡಲು ನಾನು ಎಡೆಕೊಟ್ಟಿರಲಿಲ್ಲ ಎಂಬುದು ಹೆಚ್ಚು ನಿಜ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬದುಕು ಮೂರು ಸುತ್ತಿನ ಆಟವಲ್ಲ. ಎಷ್ಟು ಸುತ್ತೆಂದು ಯಾರೂ ಮೊದಲೇ ಹೇಳುವುದಿಲ್ಲ. ಬಿಟ್ಟದ್ದು ಜಾಣತನವೋ ಅಳುಕೋ ಎಂಬುದನ್ನು ಅಳೆಯಲು ಅಲ್ಲಿ ಪಕ್ಕದಲ್ಲಿ ಅಂಕಿಗಳು ಹೊಳೆಯುವುದಿಲ್ಲ. ಹೀಗಾಗಿ ಒಂದು ಆಟದ ನಿಯಮವನ್ನು ಬಾಳಿನ ಸೂತ್ರವೆಂದು ಬೋಧಿಸುವ ಧೈರ್ಯ ನನಗಿಲ್ಲ. ಆದರೆ ಆಟ ನನಗೆ ಒಂದು ಪ್ರಶ್ನೆಯನ್ನು ಕಲಿಸಿತು: ಕೈಯಲ್ಲಿ ಏನು ಉಳಿದಿದೆ? ಕೈ ಬರಿದಾದ ಮೇಲೆ ಪಾಸು ಎನ್ನುವವನಿಗೆ ಬೇರೆ ದಾರಿಯಿಲ್ಲ. ಕೈತುಂಬ ಎಲೆಗಳಿರುವಾಗ ಎನ್ನುವವನು ಮುಂದಿನ ಸುತ್ತನ್ನು ನೋಡುತ್ತಿದ್ದಾನೆ. ಮಗಳು ಎರಡನೆಯ ಬಗೆಯವಳು. ಪಾಸು ಎನ್ನಲಾರದೆ ಕುಳಿತಿದ್ದವನು ನಾನು. ಅದಕ್ಕಿಂತ ಹೆಚ್ಚಾಗಿ, ಅಷ್ಟು ದಿನವೂ ನಾನು ಹಾಸಿಗೆ ಸುರಿಯುತ್ತಿದ್ದುದು ನನ್ನ ಎಲೆಗಳನ್ನಲ್ಲ, ಅವಳ ಎಲೆಗಳನ್ನು.

ಬೆಳಗಾದ ಮೇಲೆ ಸೆಳೆಖಾನೆಯ ಅರ್ಜಿಯನ್ನು ತೆಗೆದೆ. ಹರಿದುಹಾಕುವ ನಾಟಕ ಬೇಡವೆನಿಸಿ, ಅದರ ಖಾಲಿ ಮಗ್ಗುಲನ್ನು ಟಿಪ್ಪಣಿ ಬರೆಯಲು ಇಟ್ಟುಕೊಂಡೆ. ದ್ಯೂತಪ್ರಸಂಗದ ಹೊಸ ಟಿಪ್ಪಣಿಯನ್ನು ಅದರ ಮೇಲೆಯೇ ಬರೆದೆ.

ಮಗಳು ಈಗ ಬೇರೆ ಊರಿನ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಳೆ. ಅವಳ ಕೋಣೆಯ ಕಂಪ್ಯೂಟರು ನನ್ನ ವಶದಲ್ಲಿದೆ. ಕುಂಡಗಳಿಗೆ ನೀರು ಹಾಕುವುದು ನನ್ನ ಕೆಲಸ. ಅದಾದ ಮೇಲೆ ಭಾನುವಾರ ಬೆಳಿಗ್ಗೆ ಒಂದು ಆಟ ಆಡುವುದಕ್ಕೆ ಅವಳ ತಾಯಿಯಿಂದ ಅನುಮತಿ ದೊರೆತಿದೆ. ಗೆರಾಲ್ಟ್ ಇನ್ನೂ ಸಿರಿಯನ್ನು ಕಂಡುಹಿಡಿದಿಲ್ಲ. ನನ್ನ ಕೈಯಲ್ಲಿ ಸಿಕ್ಕಿ ಅವನು ತಂಗುಮನೆಯಿಂದ ತಂಗುಮನೆಗೆ ಎಲೆಯಾಡುತ್ತಾ ಅಲೆಯುತ್ತಿದ್ದಾನೆ. ಈಗ ಅವನ ಮೇಲೆ ನನಗೆ ಮೊದಲಿನ ಸಿಟ್ಟಿಲ್ಲ. ಮಗಳನ್ನು ಹುಡುಕುವ ದಾರಿ ಎಲೆಯಾಟದ ಮೇಜಿನ ಬಳಿ ಹಾದುಹೋಗುವುದೂ ಉಂಟು.

ಆಟ ಮುಗಿಯುವ ಹೊತ್ತಿಗೆ ಸರಿಯಾಗಿ ಅವಳ ಫೋನು ಬರುತ್ತದೆ. ಊಟ, ಪಾಠ, ಹಾಸ್ಟೆಲಿನ ಸಾರು ಎಲ್ಲದರ ವಿಚಾರಣೆಯಾದ ಮೇಲೆ ಕೇಳುತ್ತಾಳೆ:

“ಗೆದ್ದಿರಾ ಅಪ್ಪ? ಎಷ್ಟರಿಂದ?”

“ಒಂದರಿಂದ.”

“ಸಾಕು ಅಪ್ಪ” ಎನ್ನುತ್ತಾಳೆ.